ಬಾಯಮ್ಮನ ಫೇಲಾದ ಹುಡುಗ

ನಿಟ್ಟೆಯ ನಮ್ಮ ಲೇಡೀಸ್ ಹಾಸ್ಟೆಲಿನ ವಾರ್ಡನ್‌ರನ್ನು ನಾವೆಲ್ಲ ಬಾಯಮ್ಮ ಎಂದೇ ಕರೆಯುತ್ತಿದ್ದುದು. ಅವರಿಗೆ ಹಿಂದಿ ಒಂದಕ್ಷರ ಬಾರದು. ಆದರೂ ಟಿವಿಯಲ್ಲಿ ಬರುತ್ತಿದ್ದ ಹಿಂದಿಯ ಕಾಲೇಜು ಕಾಮಿಡಿ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಕ್ಯಾಂಟೀನಿನಲ್ಲಿ ಕುಣಿಯುವ ಹುಡುಗರನ್ನು ನೋಡಿ ದಿನಾ ಒಂದೇ ಪ್ರಶ್ನೆ: "ಇವರು ಓದುವುದು ಯಾವಾಗ ಮಾರಾಯ್ತಿ?"

ಅದರಲ್ಲಿ ಪ್ರತಿ ಪರೀಕ್ಷೆಯಲ್ಲೂ ಫೇಲಾಗುವ ಹುಡುಗನೊಬ್ಬನಿದ್ದ. ಧಾರಾವಾಹಿ ಮುಗಿದ ಮೇಲೆ ಬಾಯಮ್ಮ ಜಪಸರ ಹಿಡಿದು ಕೊಂಕಣಿಯಲ್ಲಿ ಪ್ರಾರ್ಥಿಸುವಾಗ, ಕಾಯಿಲೆಯವರ, ಗಲ್ಫಿನಲ್ಲಿರುವವರ ಹೆಸರಿನ ಜೊತೆ ಅವನ ಹೆಸರನ್ನೂ ಸೇರಿಸುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

"ಅವನು ನಟ, ಬಾಯಮ್ಮ!"

"ಇರಲಿ. ಫೇಲಾದದ್ದು ಹೌದಲ್ವಾ?"

ಮೂರನೇ ಸೆಮಿಸ್ಟರಿನಲ್ಲಿ ನಾನು ನಾಲ್ಕು ವಿಷಯಗಳಲ್ಲಿ ಡುಮ್ಕಿ ಹೊಡೆದೆ. ಓದು ಸಾಕೆಂದು, ಮರುದಿನದ ಬಸ್ಸಿಗೆ ಹಿರಿಯಡ್ಕದ ಮನೆಗೆ ಹೊರಡಲು ಬ್ಯಾಗ್ ತುಂಬಿಸಿಟ್ಟೆ. ಬಾಯಮ್ಮ ಬಂದು ಬ್ಯಾಗ್ ನೋಡಿ ಹೋದರು. ಆ ಸಂಜೆಯ ಪ್ರಾರ್ಥನೆಯಲ್ಲಿ ಆ ಹುಡುಗನ ಹೆಸರಿನ ಹಿಂದೆಯೇ ನನ್ನ ಹೆಸರು ಕೇಳಿಸಿತು. ಯಾರೂ ನಗಲಿಲ್ಲ. ನಾನು ಎದ್ದು ಹೋಗಿ ಬ್ಯಾಗ್ ಬಿಚ್ಚಿದೆ.

ನಾಲ್ಕನ್ನೂ ಪುನಃ ಬರೆದು ಪಾಸಾದೆ. ಅಷ್ಟರಲ್ಲಿ ಆ ಧಾರಾವಾಹಿ ಅರ್ಧಕ್ಕೇ ನಿಂತುಹೋಗಿತ್ತು.

ಎಷ್ಟೋ ವರ್ಷಗಳ ನಂತರ ಕಟಪಾಡಿಯಲ್ಲಿ ಬಾಯಮ್ಮನ ಮನೆಗೆ ಹೋದಾಗ ಅವರ ಕೈಯಲ್ಲಿ ಅದೇ ಜಪಸರ. "ನೀನು ಪಾಸಾದ ದಿನವೇ ನಿನ್ನ ಹೆಸರು ಬಿಟ್ಟೆ," ಎಂದರು.

"ಆ ಹುಡುಗನದ್ದು?"

"ಅವನ ರಿಸಲ್ಟ್ ಎಲ್ಲಿ ಬಂತು ಮಾರಾಯ್ತಿ? ಈಗಲೂ ಹೇಳ್ತೇನೆ."