ಕುಂಕುಮ ಹಚ್ಚಿದ ರೇಡಿಯೊ

ಅವರ ಬಲಗೈಯ ಕಿರುಬೆರಳಿನ ಉಗುರು ಮಾತ್ರ ಅರ್ಧ ಇಂಚು ಬೆಳೆದಿತ್ತು. ಶೋಕಿಗಲ್ಲ, ರೇಡಿಯೊ ಹಚ್ಚುವುದಕ್ಕೆ. ಸಂಡೂರಿನ ನಮ್ಮ ಹೈಸ್ಕೂಲಿನ ಲ್ಯಾಬ್ ಅಟೆಂಡರ್ ಅವರು. ಓದಿದ್ದು ಏಳನೆಯ ತರಗತಿ. ನಾನು ಎಂ.ಎಸ್ಸಿ. ಮುಗಿಸಿ ಬಂದ ಹೊಸ ಸೈನ್ಸ್ ಮೇಡಂ.

ಅವರು ಕಟ್ಟಿದ ಆ ರೇಡಿಯೊಗೆ ಸೆಲ್ ಇಲ್ಲ, ಕರೆಂಟಿಲ್ಲ. ಶಾಲೆಯ ಮಾಳಿಗೆಯಿಂದ ಬೇವಿನ ಮರಕ್ಕೆ ಎಳೆದ ತಂತಿ, ನೆಲದಲ್ಲಿ ಹೂತ ಸರಳು, ರಟ್ಟಿನ ಕೊಳವೆಗೆ ಸುತ್ತಿದ ತಾಮ್ರದ ಸುರುಳಿ, ಹುಣಸೆಬೀಜದಷ್ಟು ಸೀಸದ ಅದಿರಿನ ಕಲ್ಲು, ಒಂದು ಹೆಡ್‌ಫೋನ್. ಗಾಳಿಯಲ್ಲಿ ಬರುವ ಅಲೆಯೇ ಅದಕ್ಕೆ ಅನ್ನ. ಸುರುಳಿಯ ಮೇಲೆ ಪಟ್ಟಿ ಜಾರಿಸಿ ಸ್ಟೇಷನ್ ಹಿಡಿಯಬೇಕು. ಆಮೇಲೆ ಕೂದಲೆಳೆಯಂಥ ತಂತಿಯ ತುದಿಯನ್ನು ಕಲ್ಲಿನ ಮೇಲೆ ಆಡಿಸುತ್ತ ಮಾತು ಹೊರಡುವ ಜಾಗ ಹುಡುಕಬೇಕು. ಬೆರಳು ತಾಗಿದರೆ ಕಲ್ಲಿಗೆ ಜಿಡ್ಡು ಹತ್ತುತ್ತದೆಂದು ಅವರು ಉಗುರಿನಿಂದಲೇ ತಂತಿ ಸರಿಸುತ್ತಿದ್ದರು. "ಅವಸರ ಬ್ಯಾಡ್ರಿ ಮೇಡಂ, ಅದಕ್ಕ ಮನಸ್ಸು ಬಂದಾಗ ಮಾತಾಡ್ತದ" ಎನ್ನುವರು.

ನಾನು ಮಾಡಿದ ಘನಕಾರ್ಯ ಕೇಳಿ. ಆಯುಧಪೂಜೆಯ ದಿನ ಲ್ಯಾಬಿನ ತಕ್ಕಡಿ, ಸೂಕ್ಷ್ಮದರ್ಶಕಕ್ಕೆಲ್ಲ ಗಂಧ-ಕುಂಕುಮ ಹಚ್ಚಿದವಳು ಭಕ್ತಿಯಿಂದ ಆ ಕಲ್ಲಿಗೂ ಹಚ್ಚಿಬಿಟ್ಟೆ! ರಜೆ ಮುಗಿದ ದಿನವೇ ಹೊಸಪೇಟೆಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆ ನೋಡಲು ಬಂದರು. ಮಾಳಿಗೆಯ ಮೇಲಿನ ತಂತಿ ಕಂಡು, "ಸಿಡಿಲು ಬಡಿದ್ರ ಯಾರು ಹೊಣೆ? ತಂತಿ ಬಿಚ್ಚಸ್ರಿ" ಎಂದರು. "ಒಂದ್ಸಲ ಕೇಳಿ ನೋಡ್ರಿ ಸಾಹೇಬ್ರ" ಎಂದು ಅಟೆಂಡರ್ ಹೆಡ್‌ಫೋನ್ ಕೊಟ್ಟರು. ರೇಡಿಯೊ ಗಪ್‌ಚಿಪ್.

ಅಟೆಂಡರ್ ಕಲ್ಲು ನೋಡಿದರು, ನನ್ನನ್ನು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಬೈಯಲಿಲ್ಲ. ಕಲ್ಲನ್ನು ಇಕ್ಕಳದಲ್ಲಿ ಹಿಡಿದು, "ಹೊಸಾ ಮುಖ ತೆಗೀಬೇಕ್ರಿ" ಎಂದು ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಇದ್ದದ್ದು ಅದೊಂದೇ ಕಲ್ಲು! ಒಡೆದ ಒಳಮೈ ಫಳಫಳ ಹೊಳೆಯಿತು. ತುಂಡೊಂದನ್ನು ಕೂರಿಸಿ, ಉಸಿರು ಬಿಗಿಹಿಡಿದು ಉಗುರು ಆಡಿಸಿದರು. ಹೆಡ್‌ಫೋನ್ ಕಿವಿಗಿಟ್ಟಿದ್ದ ಸಾಹೇಬರ ಹುಬ್ಬು ಮೇಲೇರಿತು. ಧಾರವಾಡ ಆಕಾಶವಾಣಿಯ ವಾರ್ತೆ! ಕರೆಂಟು ಎಲ್ಲಿಂದ ಬಂತೆಂದು ಅವರು ಮೇಜಿನ ಕೆಳಗೆಲ್ಲ ಬಗ್ಗಿ ನೋಡಿದರು. ಡಿಗ್ರಿ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

"ತಂತಿ ಇರ್ಲಿ ಬಿಡ್ರಿ. ಇಲ್ಲಿ ಫಿಸಿಕ್ಸ್ ಹೇಳೋರು ಯಾರು?" ಎಂದರು ಸಾಹೇಬರು. ನಾನು ಅಟೆಂಡರ್ ಕಡೆ ಕೈ ತೋರಿಸಿದೆ.

ಸಾಹೇಬರ ಜೀಪು ಹೋದದ್ದೇ ಅಟೆಂಡರ್‌ಗೆ ನನ್ನ ಮೇಲೆ ಸಿಟ್ಟು ಬಂತು. "ಕುಂಕುಮದ್ದು ಹೋಗ್ಲಿ ಬಿಡ್ರಿ. ದೊಡ್ಡೋರ ಮುಂದ ಹಂಗ ಸುಳ್ಳು ಹೇಳಬಾರದ್ರಿ ಮೇಡಂ."

ಹೋದ ವರ್ಷ ಅವರು ತೀರಿಕೊಂಡರು. ನಾನು ಮಣ್ಣಿಗೆ ಹೋದಾಗ ಅವರ ಬಳಗದ ಹಿರಿಯರೊಬ್ಬರು, "ನೀವು ಇವ್ರಿಗೆ ಏನಾಗಬೇಕ್ರಿ ತಾಯಿ?" ಎಂದು ಕೇಳಿದರು.

"ಇವ್ರ ಕೈಯಾಗ ಕಲ್ತಾಕಿ ರೀ" ಎಂದೆ.