ಹಡಗು ತಪ್ಪಿಸದ ಮೆರನ್ ಅತ್ತಿಗೆ

ನನ್ನ ಅತ್ತಿಗೆ ಮೆರನ್ ಫ್ಲೆಟ್ ಯಾರನ್ನೂ ನಂಬುವುದಿಲ್ಲ. ರೇಡಿಯೋದವನು ಬಿಸಿಲು ಅಂದರೆ ಮಳೆಕೋಟು ತೆಗೆದಿಡುತ್ತಾಳೆ. ಅಂಗಡಿಯವನು ಇವತ್ತಿನ ಮೀನು ಅಂದರೆ ಅದರ ಕಿವಿರು ಬಿಡಿಸಿ ನೋಡುತ್ತಾಳೆ. ನನ್ನ ಅಣ್ಣ ಸಿಗರ್ಡ್ ಮದುವೆಯಾಗುತ್ತೀಯಾ ಎಂದು ಕೇಳಿದಾಗ "ಯಾಕೆ, ಬೇರೆ ಯಾರೂ ಒಪ್ಪಲಿಲ್ವಾ?" ಎಂದು ಕೇಳಿದವಳು ಅವಳು. ಪಾಪ, ಅಣ್ಣನಿಗೆ ಇವತ್ತಿಗೂ ಅದಕ್ಕೆ ಉತ್ತರ ಹೊಳೆದಿಲ್ಲ. ಕುರಿ ಮೇಯಿಸಿಕೊಂಡು ಸುಮ್ಮನಿದ್ದಾನೆ.

ಮೊದಲು ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ನಮ್ಮ ಆರ್ಕ್ನಿ ದ್ವೀಪಗಳಿಗೆ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬರತೊಡಗಿದ ಮೇಲೆ ಒಂದು ವ್ಯಾನು ಕೊಂಡು ಕರ್ಕ್‌ವಾಲ್ ಬಂದರಿನಲ್ಲಿ ಹಡಗು ಕಟ್ಟುವ ಧಕ್ಕೆಯ ಮೇಲೆ ನಿಂತಳು. ಮುಂದಿನ ಸೀಟಿನಲ್ಲಿ ಕೂತು ತಲೆ ಎಣಿಸುವ ಕೆಲಸ ನನ್ನದು. ಇಳಿದವರೆಲ್ಲ ಮತ್ತೆ ಹತ್ತಿದರೇ ಎಂದು ನೋಡುವುದು. ನಾನು ಎಣಿಸಿದ ಮೇಲೆ ಅತ್ತಿಗೆ ಇನ್ನೊಮ್ಮೆ ಎಣಿಸುತ್ತಾಳೆ. ಒಡಹುಟ್ಟಿದವರ ಮೇಲೂ ನಂಬಿಕೆ ಇಲ್ಲದವಳು ನಾದಿನಿಯನ್ನು ನಂಬುತ್ತಾಳೆಯೇ!

ಈ ಕಸುಬಿನ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಹಡಗಿನವರು ತಾವೇ ಮಾರಿದ ಪ್ರವಾಸದ ಬಸ್ಸು ತಡವಾದರೆ ಹಡಗು ನಿಂತು ಕಾಯುತ್ತದೆ. ನಮ್ಮಂಥವರ ವ್ಯಾನಿಗೆ ಕಾಯುವುದಿಲ್ಲ. ಹಗ್ಗ ಬಿಚ್ಚಿ ಹೊರಟೇ ಹೋಗುತ್ತದೆ. ಆದ್ದರಿಂದ ನಮ್ಮ ಹತ್ತಿರ ಮಾರುವುದಕ್ಕೆ ಇರುವುದು ಒಂದೇ ಒಂದು ಸರಕು, "ನಿಮ್ಮನ್ನು ಹಡಗಿಗೆ ಮುಟ್ಟಿಸುತ್ತೇವೆ" ಎಂಬ ಮಾತು. ಒಂದು ವರ್ಷ ಒಬ್ಬ ಪುಣ್ಯಾತ್ಮ ಸ್ಟ್ರೊಮ್ನೆಸ್ ಊರಿನ ಹೆಂಡದಂಗಡಿಯ ಹಿಂಬಾಗಿಲಿಂದ ನುಸುಳಿ ಬೇಕೆಂದೇ ಹಡಗು ತಪ್ಪಿಸಿಕೊಂಡ. ಆಮೇಲೆ ವ್ಯಾನಿನವಳು ಬಿಟ್ಟು ಹೋದಳು ಎಂದು ಊರಿಗೆಲ್ಲ ಡಂಗುರ ಸಾರಿದ. ಆ ಬೇಸಿಗೆಯಿಡೀ ಧಕ್ಕೆಯಲ್ಲಿ ನಮ್ಮ ವ್ಯಾನಿನ ಹತ್ತಿರ ಯಾರೂ ಸುಳಿಯಲಿಲ್ಲ. ಅತ್ತಿಗೆಯ ಅನುಮಾನಕ್ಕೆ ಅಲ್ಲಿಂದ ರೆಕ್ಕೆ ಬಂತು.

ಬುಕ್ ಮಾಡಿದವರಿಗೆ ಮೊದಲೇ ಬರೆದು ಕಳಿಸಿದ್ದರೂ, ವ್ಯಾನು ಹೊರಡುವ ಮೊದಲು ಅವಳು ತಪ್ಪದೆ ಅದೇ ಪಾಠ ಒಪ್ಪಿಸುತ್ತಾಳೆ. "ಪಾಸ್‌ಪೋರ್ಟ್ ಹಡಗಲ್ಲಿ ಬಿಟ್ಟು ಬರಬೇಡಿ, ಜೇಬಲ್ಲಿರಲಿ. ದಿನಾ ನುಂಗೋ ಮಾತ್ರೆ ಜೊತೇಲಿರಲಿ. ಬಂದರಲ್ಲಿ ಹಡಗಿನ ಕಡೆ ಏಜೆಂಟ್ ಒಬ್ಬ ಇರ್ತಾನೆ, ಅವನ ನಂಬರ್ ಬರ್ಕೊಳ್ಳಿ. ಗಡಿಯಾರ ಹಡಗಿನ ಗಡಿಯಾರಕ್ಕೆ ಹೊಂದಿಸ್ಕೊಳ್ಳಿ. ಹಡಗು ಬಂದ ದಿನ ಊರಲ್ಲಿ ಹೋಟೆಲ್ ಕೋಣೆ ಸಿಗುತ್ತೆ ಅನ್ನೋ ಆಸೆ ಇಟ್ಕೋಬೇಡಿ. ಹಡಗು ಕಾಯಲ್ಲ." ಕೇಳುವವರು ಯಾರು? ಅವರು ಕಿಟಕಿಯಾಚೆ ದನಗಳ ಫೋಟೋ ತೆಗೆಯುತ್ತಿರುತ್ತಾರೆ.

ಒಂದು ಸೆಪ್ಟೆಂಬರಿನಲ್ಲಿ ಬಂದ ಮುದುಕನೊಬ್ಬ ಮಾತ್ರ ಗಮನವಿಟ್ಟು ಕೇಳಿದ. ಅದೇ ಎಡವಟ್ಟಾಯಿತು.

ಡೆಂಟನ್ ಎಂಬ ಹೆಸರಿನಲ್ಲಿ ಇಡೀ ವ್ಯಾನು ಬುಕ್ ಆಗಿತ್ತು. ಬಂದವನು ಒಬ್ಬನೇ. ಉದ್ದನೆಯ ಒಣಕಲು ಆಳು, ತಲೆಗೆ ಹೊಸ ಟೊಪ್ಪಿ, ನ್ಯೂಜಿಲೆಂಡಿನವರ ಮಾತು. ಅತ್ತಿಗೆ ಪಾಠ ಶುರು ಮಾಡಿದ್ದೇ ತಡ, ಅವನು ಒಂದೊಂದಾಗಿ ತೋರಿಸಿದ. ಪಾಸ್‌ಪೋರ್ಟ್ ಎದೆಯ ಜೇಬಿನಲ್ಲಿ. ಮಾತ್ರೆ ಚೀಲದಲ್ಲಿ. ಏಜೆಂಟನ ನಂಬರು ಅಂಗೈ ಮೇಲೆ ಬರೆದುಕೊಂಡಿದ್ದ. ಎಲ್ಲ ಮುಗಿದ ಮೇಲೆ ಕೇಳಿದ, "ಅಕಸ್ಮಾತ್ ಹಡಗು ತಪ್ಪಿದ್ರೆ ಮುಂದಿನ ಬಂದರಿಗೆ ಹೇಗೆ ಹೋಗೋದು?"

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ.

"ವಿಮಾನ ಇದೆ, ಸೀಟು ಸಿಕ್ಕಿದ್ರೆ," ಎಂದಳು. "ನಿಮ್ಮ ಮನೆಯವರು ಬರಲಿಲ್ವಾ?"

"ನನ್ನ ಹೆಂಡ್ತಿ ಜೋನ್‌ಗೆ ನಡೆಯಕ್ಕಾಗಲ್ಲ. ಹಡಗಲ್ಲೇ ಇದಾಳೆ."

"ಎಲ್ಲಿಗೆ ಹೋಗೋಣ?"

"ಸೇಂಟ್ ಮಾರ್ಗರೆಟ್ಸ್ ಹೋಪ್. ಅಲ್ಲಿ ನನ್ನನ್ನ ಇಳಿಸಿಬಿಡಿ. ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ."

"ಏನು ನೋಡ್ಬೇಕು ಅಲ್ಲಿ?"

"ಸುಮ್ನೆ," ಎಂದು ಅವನು ಕಿಟಕಿಯ ಕಡೆ ತಿರುಗಿದ.

ಹೋಪ್ ಎಂದರೆ ದಕ್ಷಿಣದ ದ್ವೀಪದಲ್ಲಿರುವ ಸಣ್ಣ ಊರು. ನಾಲ್ಕು ಬೀದಿ, ಒಂದು ಕಮ್ಮಾರಸಾಲೆ, ಮತ್ತೆ ಸ್ಕಾಟ್ಲೆಂಡಿನ ಮುಖ್ಯಭೂಮಿಗೆ ಹೋಗುವ ದೋಣಿ. ಈ ದೋಣಿಯೇ ಅತ್ತಿಗೆಯ ತಲೆಗೆ ಹುಳ ಬಿಟ್ಟಿತು. ಏನೋ ತೆಗೆಯುವ ನೆವ ಮಾಡಿ ನನ್ನನ್ನು ವ್ಯಾನಿನ ಹಿಂದಕ್ಕೆ ಕರೆದಳು.

"ನೋಡ್ದೇನೇ ಥೋರಾ? ಕಾಲಿಲ್ಲದ ಹೆಂಡ್ತಿನ ಹಡಗಲ್ಲಿ ಬಿಟ್ಟು ದೋಣಿ ಹತ್ತಿ ಪರಾರಿ ಆಗೋ ಗಿರಾಕಿ ಇದು."

"ಪರಾರಿ ಆಗೋನು ವ್ಯಾನ್ ಬುಕ್ ಮಾಡ್ತಾನಾ ಅತ್ತಿಗೆ? ನನಗೇನೋ ಇವನು ಹಡಗಿನ ಕಂಪನಿ ಕಡೆ ಬೇಹುಗಾರ ಅನ್ಸುತ್ತೆ. ನಮ್ಮನ್ನ ಪರೀಕ್ಷೆ ಮಾಡಕ್ಕೆ ಬಂದಿದಾನೆ."

"ಯಾವನಾದ್ರೂ ಆಗ್ಲಿ. ನನ್ನ ತಲೆ ಮೇಲೆ ಕಲ್ಲು ಹಾಕಕ್ಕೆ ನಾನು ಬಿಡಲ್ಲ."

ನಾನೂ ಕಮ್ಮಿಯವಳಲ್ಲ, ಒಪ್ಪುತ್ತೇನೆ. ಆದರೆ ಅತ್ತಿಗೆ ಆಮೇಲೆ ಮಾಡಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮ ದೊಡ್ಡ ದ್ವೀಪಕ್ಕೂ ದಕ್ಷಿಣದ ದ್ವೀಪಗಳಿಗೂ ನಡುವೆ ಯುದ್ಧದ ಕಾಲದಲ್ಲಿ ಕಟ್ಟಿದ ಒಡ್ಡುಗಳಿವೆ. ಅವುಗಳ ಮೇಲೇ ರಸ್ತೆ. ಆಗ್ನೇಯದ ಗಾಳಿಯೂ ಉಬ್ಬರವೂ ಕೂಡಿ ಬಂದರೆ ಅಲೆ ರಸ್ತೆಯನ್ನು ಹಾರುತ್ತದೆ, ಗೇಟು ಹಾಕಿಬಿಡುತ್ತಾರೆ. ಅದಕ್ಕೇ ಇಲ್ಲಿ ವ್ಯಾನು ಓಡಿಸುವವರೆಲ್ಲರಿಗೂ ಒಂದು ಕಟ್ಟುಪಾಡು. ನೀರು ದಾಟುವ ಜಾಗ ಮೊದಲು, ಒಣ ನೆಲ ಆಮೇಲೆ. ಅತ್ತಿಗೆ ಇದನ್ನು ಒಂದು ದಿನವೂ ಮುರಿದವಳಲ್ಲ. ಆ ದಿನ ಮಧ್ಯಾಹ್ನದ ಮೇಲೆ ಆಗ್ನೇಯದ ಗಾಳಿ ಏಳುತ್ತದೆ ಎಂದು ರೇಡಿಯೋದಲ್ಲಿ ಬೇರೆ ಹೇಳಿದ್ದರು. ಅಂಥಾದ್ದರಲ್ಲಿ ಅವಳು ವ್ಯಾನನ್ನು ದಕ್ಷಿಣ ಬಿಟ್ಟು ಪಶ್ಚಿಮಕ್ಕೆ ತಿರುಗಿಸಿದಳು.

"ಮೊದಲು ಹಳೇ ಕಲ್ಲುಗಳನ್ನ ನೋಡ್ಕೊಂಡು ಬಂದ್ಬಿಡೋಣ," ಎಂದು ಕನ್ನಡಿಯಲ್ಲಿ ಅವನಿಗೆ ಹೇಳಿದಳು. "ಆರ್ಕ್ನಿಗೆ ಬಂದು ಅದನ್ನ ನೋಡದೆ ಹೋಗೋರುಂಟಾ? ಹೋಪ್ ಆಮೇಲೆ."

"ಹೋಪ್ ಮೊದಲು ಆಗಲ್ವಾ?"

"ಬೆಳಿಗ್ಗೆ ಅಲ್ಲಿ ಏನೂ ತೆಗೆದಿರಲ್ಲ."

ಅಪ್ಪಟ ಸುಳ್ಳು. ನಾನು ಪಿಸುಗುಟ್ಟಿದೆ, "ಅತ್ತಿಗೆ, ಗಾಳಿ. ಒಡ್ಡು ಮುಚ್ಚಿದ್ರೆ?"

"ಮುಚ್ಚಿದ್ರೆ ಮುಚ್ಲಿ, ದೋಣಿ ಹತ್ತಕ್ಕಾಗಲ್ಲ. ಪೀಡೆ ಕಳೀತು."

ಸ್ಟೆನ್ನೆಸ್ ಎಂಬಲ್ಲಿ ಸಾವಿರಾರು ವರ್ಷದ ಹಿಂದೆ ನೆಟ್ಟ ನಿಲುಗಲ್ಲುಗಳ ಹತ್ತಿರ ಅವನನ್ನು ಇಳಿಸಿದೆವು. ಬಂದವರೆಲ್ಲ ಕಲ್ಲಿಗೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಇವನು ಅವುಗಳಿಗೆ ಬೆನ್ನು ಹಾಕಿ ನಿಂತು ಬಾರಿಬಾರಿಗೂ ಆಕಾಶ ನೋಡಿದ. ಅಲ್ಲಿಂದ ಬ್ರಾಡ್ಗರಿನ ಕಲ್ಲುಗಳು, ಅಲ್ಲಿಂದ ಸ್ಕಾರಾ ಬ್ರೇಯ ಕಲ್ಲಿನ ಮನೆಗಳು. ರಸ್ತೆ ತಿರುಗುವ ಮೊದಲೇ ಅವನ ಮೈ ಆ ಕಡೆ ವಾಲುತ್ತಿತ್ತು. ನಾನು ಅದನ್ನು ಕಣ್ಣಾರೆ ಕಂಡೆ.

"ಮೊದಲ ಸಲ ಬಂದಿರೋದಾ?" ಎಂದು ಕೇಳಿದೆ.

"ಹೂಂ, ಹಡಗಲ್ಲಿ ಮೊದಲ ಸಲ," ಎಂದ.

ಚಹಾ ಅಂಗಡಿಯಲ್ಲಿ ನಮ್ಮ ಬಾರ್ಲಿ ರೊಟ್ಟಿ ಇಟ್ಟರು. ಕಪ್ಪಗೆ, ಮಣ್ಣಿನ ವಾಸನೆಯ ರೊಟ್ಟಿ ಅದು. ಹಡಗಿನಿಂದ ಬಂದವರು ಒಂದು ಚೂರು ಕಚ್ಚಿ, ನಕ್ಕು, ತಟ್ಟೆ ಸರಿಸುತ್ತಾರೆ. ಇವನು ಬೆರಳಷ್ಟು ದಪ್ಪ ಬೆಣ್ಣೆ ಮೆತ್ತಿ, ಮೇಲೆ ಮನೆಯಲ್ಲಿ ಮಾಡಿದ ಚೀಸ್ ಇಟ್ಟು, ಇಲ್ಲಿಯವರ ಹಾಗೆ ಎರಡು ತಿಂದ. ಅತ್ತಿಗೆ ನನ್ನ ಕಾಲು ತುಳಿದಳು.

"ಇವನು ಯಾವನೋ ಬೇರೇನೇ ಕಣೇ," ಎಂದಳು ಹೊರಗೆ ಬಂದು. "ಹೆಸರೂ ಸುಳ್ಳಿರಬೇಕು. ಪೊಲೀಸರಿಗೆ ಹೇಳೋಣ್ವಾ?"

"ರೊಟ್ಟಿ ತಿಂದ ಅಂತ ಹೇಳ್ತೀಯಾ?"

"ನೀನು ಸುಮ್ನಿರು."

ಅಷ್ಟರಲ್ಲಿ ಗಾಳಿ ಆಗ್ನೇಯದಿಂದ ಬೀಸತೊಡಗಿತ್ತು. ಮುದುಕ ಊಟವೂ ಬೇಡ, ಏನೂ ಬೇಡ, ಹೋಪ್‌ಗೆ ನಡೆಯಿರಿ ಎಂದ. ಈ ಸಲ ಕೇಳಿಕೊಂಡಂತೆ ಇರಲಿಲ್ಲ ಅವನ ದನಿ. ಅತ್ತಿಗೆ ಓಡಿಸಿದಳು. ಅವಸರ ಮಾಡದೆ ಓಡಿಸಿದಳು, ಟ್ರ್ಯಾಕ್ಟರ್ ಅಡ್ಡ ಬಂದರೆ ಅದರ ಹಿಂದೆಯೇ ತೆವಳಿದಳು. ಮೊದಲ ಒಡ್ಡು ದಾಟಿದೆವು. ಎರಡನೇ ಒಡ್ಡಿನ ಬಾಯಲ್ಲಿ ಗೇಟು ಹಾಕಿತ್ತು, ಕೆಂಪು ದೀಪ ಮಿನುಗುತ್ತಿತ್ತು. ಒಂದು ಅಲೆ ಒಡ್ಡಿನ ಸಿಮೆಂಟು ಬಂಡೆಗಳ ಮೇಲೆ ಎದ್ದು ರಸ್ತೆಯನ್ನು ದಾಟಿ ಆಚೆ ಬಿತ್ತು.

ಅವನು ಇಳಿದು ಗೇಟಿನವರೆಗೂ ಹೋದ. ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ನಾವೂ ಇಳಿದೆವು. ಅವನು ತಿರುಗಿ ಮಾತಾಡಿದ. ಅದು ನ್ಯೂಜಿಲೆಂಡಿನ ಮಾತಲ್ಲ. ನಮ್ಮ ಅಜ್ಜಂದಿರು ಆಡುತ್ತಿದ್ದ, ಈಗ ನಾವೂ ಅರ್ಧ ಮರೆತಿರುವ, ದಕ್ಷಿಣದ ದ್ವೀಪದವರ ಮಾತು.

"ಬೆಳಿಗ್ಗೆ ತೆರೆದಿತ್ತಲ್ವೇನಮ್ಮಾ ಇದು?"

ಅತ್ತಿಗೆ ಗೇಟಿನ ದೀಪದ ಕಡೆ ಮುಖ ತಿರುಗಿಸಿದಳು.

"ತೆರೆದಿತ್ತು," ಎಂದೆ ನಾನು.

"ನಾನು ಎಡ್ವಿನ್ ಕರ್ಸಿಟರ್. ಡೆಂಟನ್ ಅನ್ನೋದು ಜೋನ್ ತವರಿನ ಹೆಸರು. ಹೋಪ್‌ನಲ್ಲಿ ನಮ್ಮಕ್ಕ ಇದಾಳೆ, ಬೆಲ್ಲಾ. ಅವ್ವ ಸತ್ತಾಗ ನಾನು ಬರಲಿಲ್ಲ. ಅವತ್ತಿಂದ ಅಕ್ಕ ನನ್ನ ಕಾಗದ ಒಡೀದೇನೇ ವಾಪಸ್ ಕಳಿಸ್ತಾಳೆ. ಮೊದಲೇ ಹೇಳಿದ್ರೆ ಬಾಗಿಲು ಹಾಕ್ಕೊಂಡ್ಬಿಡ್ತಾಳೆ ಅಂತ, ಹೇಳದೇ ಹೋಗಿ ನಿಂತ್ಕೊಳ್ಳೋಣ ಅಂದ್ಕೊಂಡೆ."

"ನಮಗಾದ್ರೂ ಒಂದು ಮಾತು ಹೇಳಬಾರದಿತ್ತಾ?" ಎಂದಳು ಅತ್ತಿಗೆ.

"ಈ ಊರಲ್ಲಿ ಒಬ್ಬರಿಗೆ ಹೇಳಿದ್ರೆ ನಾನು ಮುಟ್ಟೋ ಮೊದಲೇ ಸುದ್ದಿ ಮುಟ್ಟುತ್ತೆ. ಯಾರನ್ನ ನಂಬೋದು?"

ಬೆಲ್ಲಾ ಕರ್ಸಿಟರ್ ನಮಗೆ ಗೊತ್ತಿಲ್ಲದವಳೇ? ವರ್ಷಾವರ್ಷ ಜಾನುವಾರು ಮೇಳದಲ್ಲಿ ಜಾಮು ಮಾರುವವಳು. ಅತ್ತಿಗೆ ಫೋನು ತೆಗೆದಳು. ಎರಡು ಸಲ ತಪ್ಪು ಒತ್ತಿದಳು. ನಾನು ಕಸಿದುಕೊಂಡು ಬೆಲ್ಲಾಳ ಮೊಬೈಲಿಗೆ ಹಚ್ಚಿಕೊಟ್ಟೆ. ಗಾಳಿಗೆ ಬೆನ್ನು ಮಾಡಿ ಅವಳು ಕೂಗಿದಳು, "ಬೆಲ್ಲಾ, ನಿನ್ನ ತಮ್ಮ ಎಡ್ವಿನ್ ಇಲ್ಲಿ ಒಡ್ಡಿನ ಹತ್ತಿರ ನಿಂತಿದಾನೆ." ಆ ಕಡೆಯಿಂದ ಫೋನು ಇಟ್ಟ ಸದ್ದು ಮಾತ್ರ ಬಂತು.

"ಇಟ್ಟುಬಿಟ್ಲಾ?" ಎಂದು ಎಡ್ವಿನ್ ಕೇಳಿದ. ನಾವಿಬ್ಬರೂ ಅವನ ಮುಖ ನೋಡಲಿಲ್ಲ.

ಆದರೂ ನಾವು ಅಲ್ಲೇ ನಿಂತೆವು. ಹಡಗಿನ ಹೊತ್ತು ಹತ್ತಿರವಾಗುತ್ತಿತ್ತು, ಅತ್ತಿಗೆ ಗಡಿಯಾರ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಒಡ್ಡಿನ ಆಚೆ ತುದಿಯಲ್ಲಿ ಒಂದು ಕಾರು ಬಂದು ನಿಂತಿತು. ಅದರಿಂದ ಗಿಡ್ಡಗಿನ ಹೆಂಗಸೊಬ್ಬಳು ಇಳಿದು ಅತ್ತ ಗೇಟನ್ನು ಹಿಡಿದು ನಿಂತಳು. ಅಡಿಗೆಮನೆಯ ಏಪ್ರನ್ ಗಾಳಿಗೆ ಹಾರುತ್ತಿತ್ತು. ಹಾಗೇ ಎದ್ದು ಬಂದಿದ್ದಳು.

ಎಡ್ವಿನ್ ಟೊಪ್ಪಿ ಎತ್ತಿ ಹಿಡಿದ. ಅತ್ತಿಗೆ ಮತ್ತೆ ಫೋನು ಹಚ್ಚಿ ಅವನ ಕಿವಿಗಿಟ್ಟಳು. ಆಚೆ ಬೆಲ್ಲಾಳ ಕೈ ಕಿವಿಗೆ ಹೋದದ್ದು ಕಂಡಿತು. "ಅಕ್ಕಾ, ನಾನು. ನಾನೇ. ಕೇಳಿಸ್ತಾ ಇಲ್ಲ ಅಕ್ಕಾ, ಏನಂದೆ?" ಎಂದು ಅವನು ಕೂಗಿದ. ಅಷ್ಟೇ. ಗಾಳಿ ಎಲ್ಲವನ್ನೂ ತಿಂದುಹಾಕಿತು. ಅವಳು ಏನಂದಳೋ ಅವನಿಗೆ ಕೇಳಲೇ ಇಲ್ಲ.

"ನೀವು ಉಳ್ಕೊಳ್ಳಿ," ಎಂದಳು ಅತ್ತಿಗೆ. ಹಡಗು ತಪ್ಪಿಸಿಕೊಳ್ಳಿ ಎಂದು ಮೆರನ್ ಫ್ಲೆಟ್ ಹೇಳಿದ್ದನ್ನು ನನ್ನ ಈ ಎರಡು ಕಿವಿ ಕೇಳಿದವು. "ನೀರು ಇಳಿದ್ರೆ ಗೇಟ್ ತೆಗೀತಾರೆ. ಇವತ್ತು ನಮ್ಮನೇಲಿ ಮಲಗಿ. ನಾಳೆ ವಿಮಾನಕ್ಕೆ ನಾನೇ ಹತ್ತಿಸ್ತೀನಿ. ಏಜೆಂಟ್‌ಗೆ ನಾನೇ ಫೋನ್ ಮಾಡ್ತೀನಿ. ಕೈ ಮುಗೀತೀನಿ, ಉಳ್ಕೊಳ್ಳಿ."

"ಜೋನ್‌ಗೆ ಸಂಜೆ ಇಂಜೆಕ್ಷನ್ ಕೊಡೋನು ನಾನೇ," ಎಂದ ಅವನು. "ಹಾಸಿಗೆಯಿಂದ ಎಬ್ಬಿಸೋನೂ ನಾನೇ. ಅದಕ್ಕೇ ಅಲ್ವಾ ನೀವು ಹೇಳಿದ್ದನ್ನೆಲ್ಲ ಹಾಗೇ ಪಾಲಿಸಿದ್ದು? ನಡೀರಿ ಅಮ್ಮಾ, ಹಡಗು ಕಾಯಲ್ಲ."

ಹೊತ್ತಿಗೆ ಸರಿಯಾಗಿ ಬಂದರಿಗೆ ಬಂದೆವು. ಅವನು ಇಳಿದು ಇಬ್ಬರ ಕೈಯನ್ನೂ ಕುಲುಕಿದ. ಅವನು ಹಡಗಿನ ಏಣಿ ಹತ್ತುವಾಗ ಬಾಗಿಲಲ್ಲಿ ಗಾಲಿಕುರ್ಚಿಯ ಹೆಂಗಸೊಬ್ಬಳು ಅವನಿಗಾಗಿ ಕಾಯುತ್ತಿದ್ದಳು. ಅವನು ಬಗ್ಗಿ ಅವಳಿಗೆ ಏನೋ ಹೇಳಿದ. ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನಗೆ ಆ ಕಡೆ ನೋಡುವುದಕ್ಕಾಗಲಿಲ್ಲ, ನಾಚಿಕೆಯಿಂದ ಸತ್ತುಹೋದೆ.

ಸಂಜೆ ಅಣ್ಣನ ಮನೆಯಲ್ಲಿ ಯಾರೂ ಊಟ ಮುಟ್ಟಿರಲಿಲ್ಲ. ನೀರು ಇಳಿದು ಒಡ್ಡು ತೆರೆದಿದ್ದರು. ಬೆಲ್ಲಾ ಕರ್ಸಿಟರ್ ಮೊದಲು ಬಂದರಿಗೆ ಹೋಗಿದ್ದಾಳೆ, ಅಲ್ಲಿ ಖಾಲಿ ಧಕ್ಕೆಯನ್ನು ನೋಡಿದ್ದಾಳೆ, ಆಮೇಲೆ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಾಳೆ. ಬಾಗಿಲು ತಟ್ಟಲಿಲ್ಲ, ನೇರ ಒಳಗೆ ಬಂದಳು. ಅದೇ ಏಪ್ರನ್. ಅಣ್ಣ ಕುರ್ಚಿ ಎಳೆದುಕೊಟ್ಟರೆ ಕೂರಲಿಲ್ಲ.

"ಬರ್ಬೇಡ ಅಂತ ಹೇಳಕ್ಕೆ ಒಡ್ಡಿಗೆ ಹೋಗಿದ್ದೆ ನಾನು," ಎಂದಳು. "ದೂರದಿಂದ ಅವನು ನಿಂತಿರೋದು ನೋಡಿದೆ. ನಮ್ಮಪ್ಪ ನಿಂತಂಗೇ ಇತ್ತು. ಬಾರೋ ಮನೆಗೆ ಅಂದೆ. ಕೇಳಿಸ್ತಾ ಅವನಿಗೆ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

ಅವಳು ಅತ್ತಿಗೆಯ ಕಡೆ ತಿರುಗಿದಳು. "ಬಂದರಲ್ಲಿ ಹೇಳಿದ್ರು, ಬೆಳಿಗ್ಗೆನೇ ನಿನ್ನ ವ್ಯಾನ್ ಹತ್ತಿದ್ದನಂತೆ. ಬೆಳಿಗ್ಗೆ ಒಡ್ಡು ತೆರೆದಿತ್ತು ಮೆರನ್. ಅಷ್ಟು ಹೊತ್ತೂ ನನ್ನ ತಮ್ಮ ನಿನ್ನ ಹತ್ರ ಇದ್ದ. ಏನು ತೋರಿಸ್ದೆ ಅವನಿಗೆ?"

ಅತ್ತಿಗೆ ಮುಟ್ಟದ ತಟ್ಟೆಯನ್ನು ದೂರ ಸರಿಸಿದಳು.

"ಕಲ್ಲು," ಎಂದಳು.