ಚಪ್ಪಲಿ ಬಿಡುವ ಮಂಟಪ

ಮನೆಗೆ ನೆಂಟರು ಬಂದಾಗಲೆಲ್ಲ ನಾನು ಅವರನ್ನು ಹೊಸಪೇಟೆಯಿಂದ ಹಂಪಿಗೆ ಕರೆದೊಯ್ದು ಅಲ್ಲಿನ ಒಬ್ಬ ಪರಿಚಯದ ಗೈಡಿಗೆ ಒಪ್ಪಿಸಿಬಿಡುತ್ತಿದ್ದೆ. ಸಣಕಲು ಆಳು. ಎಂಥ ಬಿಸಿಲಿದ್ದರೂ ಕೈಯಲ್ಲಿದ್ದ ಛತ್ರಿ ಬಿಚ್ಚುತ್ತಿರಲಿಲ್ಲ. ಅದರ ತುದಿಯಿಂದ ಕಲ್ಲುಮಂಟಪಗಳನ್ನು ತೋರಿಸುತ್ತಿದ್ದರು. "ಇಲ್ಲಿ ಮುತ್ತು ಮಾರ್ತಿದ್ರು, ಅಲ್ಲಿ ಹವಳ. ಮುಂದ ಬರ್ರಿ, ನೋಡೋದು ಭಾಳ ಐತಿ" ಎಂದು ಎಲ್ಲರನ್ನೂ ಅವಸರಪಡಿಸುತ್ತಿದ್ದರು.

ಬಜಾರಿನ ಒಂದು ಮಂಟಪವನ್ನು ಮಾತ್ರ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಅಲ್ಲಿ ದೇವರಿರಲಿಲ್ಲ. ಮೇಲಿನ ಚಪ್ಪಡಿ ಹೊಗೆ ಹಿಡಿದು ಕಪ್ಪಾಗಿತ್ತು. ಒಮ್ಮೆ ನನ್ನ ಅತ್ತಿಗೆ ಮೂಗು ಮುರಿದು, "ಇಂಥಾ ಕಲ್ಲು ಯಾರು ಹಿಂಗ ಹೊಲಸು ಮಾಡ್ಯಾರ?" ಎಂದರು.

"ನಮ್ಮವ್ವ ರೀ," ಎಂದರು ಗೈಡು. "ಇದು ನಮ್ಮ ಅಡಿಗಿಮನಿ. ಮಂಟಪದಾಗ ಸಂಸಾರ ಮಾಡ್ಕೊಂಡಿದ್ದ ನಮ್ಮನ್ನೆಲ್ಲ ಸರಕಾರದವ್ರು ಖಾಲಿ ಮಾಡಿಸಿ ಕಡ್ಡಿರಾಂಪುರಕ್ಕ ಕಳಿಸೋತನಕ ಇಲ್ಲೇ ರೊಟ್ಟಿ ಬಡಿತಿದ್ಲು." ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತಿಗೆ ಬಗ್ಗಿ ತಮ್ಮ ಚಪ್ಪಲಿ ಕಳಚುವಷ್ಟರಲ್ಲಿ ಅವರು ಕೆಳಗಿಳಿದು, "ಮುಂದ ಬರ್ರಿ" ಎನ್ನುತ್ತಿದ್ದರು.

ಕೊನೆಯ ಸಲ ಹೋದಾಗ ಕೆಲಸದವರು ಏಣಿ ಹಾಕಿ ಆ ಚಪ್ಪಡಿಯನ್ನು ತಿಕ್ಕಿ ತೊಳೆಯುತ್ತಿದ್ದರು. ಕರಿನೀರು ಕಂಬದ ಮೇಲೆ ಇಳಿಯುತ್ತಿತ್ತು. ಗೈಡು ಚಪ್ಪಲಿ ಬಿಟ್ಟರು, ಮೇಲೆ ಹತ್ತಲಿಲ್ಲ. ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಿಂತೇ ಇದ್ದರು. ಬಹಳ ಹೊತ್ತು ಕಾದು ನಾನೇ, "ಮುಂದ ಹೋಗೋಣೇನ್ರಿ?" ಎಂದೆ.

ಅವರು ತಿರುಗಿ ನೋಡಲಿಲ್ಲ.

"ನೀವು ನಡೀರಿ," ಎಂದರು. "ನೋಡೋದು ಭಾಳ ಐತಿ."